ಹುಲಿ ಕಚ್ಚಿದ ಚಾಕು

ನಿನ್ನೆ ಮಧ್ಯಾಹ್ನ ನಮ್ಮನೆಯವರು ಸಕಲೇಶಪುರದಿಂದ ಬಾಯಲ್ಲಿ ಒಂದು ಹಲ್ಲು ಕಡಿಮೆಯಾಗಿ ಬಂದರು. ಕಡಿಮೆಯಾದದ್ದು ಅಂಗಿಯ ಜೇಬಿನಲ್ಲಿತ್ತು. ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ, ದಿನಸಿ ಅಂಗಡಿಯವರು ಏಲಕ್ಕಿ ಕಟ್ಟಿಕೊಡುವ ಹಾಗೆ ಪೊಟ್ಟಣ ಮಾಡಿ ಕೊಟ್ಟಿದ್ದರು. ಊದಿದ ಕೆನ್ನೆ ಹಿಡಿದುಕೊಂಡು ಜಗಲಿಯಲ್ಲಿ ಕೂತವರು ಪೊಟ್ಟಣ ತೋರಿಸಿ, ಇದನ್ನೇನು ಮಾಡುವುದು ಎಂದು ಕೈಸನ್ನೆಯಲ್ಲೇ ಕೇಳಿದರು. ಚಿಕ್ಕಂದಿನಲ್ಲಾಗಿದ್ದರೆ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಹೊಸ ಹಲ್ಲು ಕೊಡಪ್ಪ ಎನ್ನುತ್ತಿದ್ದೆವು. ಅರವತ್ತು ದಾಟಿದವರು ಎಸೆದರೆ ಹಲ್ಲು ಬರುವುದಿಲ್ಲ, ಹೆಚ್ಚೆಂದರೆ ಏನೋ ತಿನ್ನುವುದಕ್ಕೆ ಸಿಕ್ಕಿತೆಂದು ಮಂಗ ಬರುತ್ತದೆ.

ನಾನು ಪೊಟ್ಟಣ ಬಿಚ್ಚಿದೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಹಲ್ಲುನೋವು ನೆನಪಾಗುತ್ತದೆಯೇನೋ, ನನಗೆ ನೆನಪಾಗುವುದು ನಮ್ಮ ಮಾವಯ್ಯನ ಚಾಕು. ಎಸೆಯಬೇಡಿ, ಇರಲಿ ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. ಎಷ್ಟೋ ವರ್ಷಗಳಿಂದ ಹಾಗೇ ನೋಡುತ್ತಿದ್ದಾರೆ, ಅದಕ್ಕೆ ಕಾರಣವೂ ಇದೆ.

ಕಾರಣವನ್ನು ನಾನೇ ಹೇಳಿಬಿಡುತ್ತೇನೆ, ನೀವು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ. ನಾನು ಹೋದ ವರ್ಷದವರೆಗೂ ಚಾಕು ಕೂಡಿಡುತ್ತಿದ್ದವಳು. ಅಡಿಗೆಮನೆಯ ಚಾಕುವಲ್ಲ, ಮಡಚಿದರೆ ಅಲಗು ಹಿಡಿಯೊಳಗೆ ಅಡಗುವ, ಜೇಬಿಗೆ ಹಾಕಿಕೊಳ್ಳುವ ಹಳೇ ಕಾಲದ ಚಾಕು. ನಮ್ಮ ಹೊಂಗಡಹಳ್ಳದ ಸುತ್ತಮುತ್ತ ಹೆಂಗಸರು ಸೀರೆ ಕೂಡಿಡುತ್ತಾರೆ, ಕ್ರೋಟನ್ ಗಿಡ ಕೂಡಿಡುತ್ತಾರೆ, ವಾರಗಿತ್ತಿಯ ಮೇಲಿನ ಸಿಟ್ಟು ಕೂಡಿಡುತ್ತಾರೆ. ನನ್ನ ಮಂಚದ ಕೆಳಗೆ ಮಾತ್ರ ಒಂದು ಟ್ರಂಕಿನ ತುಂಬ ಚಾಕು ಇತ್ತು. ಇದು ಗೊತ್ತಾದ ಮೇಲೆ ನೆಂಟರು ರಾತ್ರಿ ಉಳಿಯುವುದು ಕಡಿಮೆಯಾಯಿತು. ಕಾಫಿ ಬೆಳೆಗಾರರ ಸಭೆಗೆ ಹೋದರೆ ನಮ್ಮನೆಯವರ ಗೆಳೆಯರು ಹುಷಾರಾಗಿರಪ್ಪ ಎಂದು ಅವರ ಬೆನ್ನು ತಟ್ಟಿ ಕಳಿಸುತ್ತಿದ್ದರಂತೆ. ಆ ಟ್ರಂಕಿನ ಮೇಲೆ ಮಲಗುವ ಗಂಡಸು ಮಾತಿಗೆ ಮಾತು ಬೆಳೆಸುವುದಿಲ್ಲ ಎಂಬ ಲಾಭ ನನಗೆ ಆಗಿದ್ದು ನಿಜ.

ಇದಕ್ಕೆಲ್ಲ ಮೂಲ ಮಾವಯ್ಯ, ಅಂದರೆ ನಮ್ಮನೆಯವರ ತಂದೆ. ಅವರ ಚಾಕುವನ್ನು ಆಲೂರಿನ ಕುಲುಮೆಯೊಂದರಲ್ಲಿ ಲಾರಿಯ ಕಮಾನು ಪಟ್ಟೆ ಬಡಿದು ಮಾಡಿದ್ದರು. ಹಿಡಿ ಬೀಟೆಮರದ್ದು, ಎರಡು ತುದಿಗೂ ಹಿತ್ತಾಳೆ. ಎಲೆಅಡಿಕೆ ಸಂಚಿಯಲ್ಲಿ ಲವಂಗದ ಜೊತೆ ಅದರ ವಾಸ. ಅದರಲ್ಲೇ ಅಡಿಕೆ ಹೋಳು ಮಾಡುವರು, ಕಿತ್ತಳೆ ಸುಲಿಯುವರು, ಅಂಗಾಲಿಗೆ ಚುಚ್ಚಿದ ಮುಳ್ಳು ತೆಗೆಯುವರು, ಕಣದಲ್ಲಿ ಒಣಗಿದ ಕಾಫಿ ಬೀಜವನ್ನು ಸೀಳಿ ನೋಡಿ ಇನ್ನೊಂದು ಬಿಸಿಲು ಬೇಕು ಎನ್ನುವರು. ಆಮೇಲೆ ಅದೇ ಅಲಗನ್ನು ಪಂಚೆಗೆ ಒರೆಸಿ ನನಗೆ ಮಾವಿನಹಣ್ಣು ಕೊಯ್ದು ಕೊಡುವರು. ಹೊಸದಾಗಿ ಸೊಸೆಯಾಗಿ ಬಂದ ನಾನು ಮುಳ್ಳನ್ನು ಮರೆತು ಹಣ್ಣು ತಿನ್ನುವುದನ್ನು ಕಲಿತುಕೊಂಡೆ.

ಆ ಚಾಕುವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಕೇಳಿದರೆ ಜಗಲಿಯ ಮೇಲಿಟ್ಟು "ತಗಾ" ಎನ್ನುವರು, ನಾವು ಎತ್ತಿಕೊಳ್ಳಬೇಕು. ಕೊಯ್ಯುವ ವಸ್ತು ಕೈಯಿಂದ ಕೈಗೆ ಹೋದರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಪುಕ್ಕಟೆ ಕೊಟ್ಟರಂತೂ ಸಂಬಂಧವೇ ಕಡಿದುಹೋಗುತ್ತದೆ. ಹಾಗಾಗಿ ಕುಡುಗೋಲಾಗಲಿ ಸೂಜಿಯಾಗಲಿ, ಕೊಡುವವರು ಒಂದು ರೂಪಾಯಿಯನ್ನಾದರೂ ಈಸಿಕೊಳ್ಳಬೇಕು. ನನ್ನ ಮದುವೆಯಲ್ಲಿ ತವರಿನವರು ಪಾತ್ರೆಗಳ ಜೊತೆ ಒಂದು ಈಳಿಗೆಮಣೆ ಇಟ್ಟಿದ್ದರು. ಅದನ್ನು ಕಂಡದ್ದೇ ಮಾವಯ್ಯ ಚಪ್ಪರದಲ್ಲೇ ನಮ್ಮಪ್ಪನ ಮುಂದೆ ಒಂದು ರೂಪಾಯಿ ಇಟ್ಟುಬಿಟ್ಟರು. ಬಯಲುಸೀಮೆಯ ನಮ್ಮಪ್ಪನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಬೀಗರು ತನಗೆ ಭಿಕ್ಷೆ ಹಾಕಿದರು ಎಂದು ಊಟ ಬಿಟ್ಟು ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದರು. ಅವರನ್ನು ಸಮಾಧಾನ ಮಾಡಿ ಕರೆತರುವಷ್ಟರಲ್ಲಿ ಪಾಯಸ ಖಾಲಿಯಾಗಿತ್ತು.

ಇನ್ನು ಹಲ್ಲಿನ ವಿಷಯ. ಮಾವಯ್ಯನ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಮುಖ ನೋಡುವುದಿಲ್ಲ ಎಂಬಂತೆ ತಿರುಗಿ ನಿಂತಿತ್ತು. ನಮ್ಮನೆಯವರಿಗೂ ಹಾಗೇ, ಅದೇ ಜಾಗದಲ್ಲಿ. ತೋಟ ಪಾಲಾಗುವ ಎಷ್ಟೋ ಮೊದಲೇ ಅವರಿಗೆ ಬಂದ ಪಿತ್ರಾರ್ಜಿತ ಅದೊಂದೇ. ಮಾವಯ್ಯ ಮೆಣಸಿನ ಬಳ್ಳಿ ಕಟ್ಟಲು ಸಿಲ್ವರ್ ಮರ ಹತ್ತುವಾಗ ಎರಡು ಕೈಯೂ ಏಣಿಗೆ ಬೇಕು, ಮೇಲೆ ಹೋದ ಮೇಲೆ ಚಾಕು ಬಿಚ್ಚಲು ಮತ್ತೆ ಎರಡು ಕೈ ಬೇಕು. ಆದ್ದರಿಂದ ಕೆಳಗೇ ಬಿಚ್ಚಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತುತ್ತಿದ್ದರು. ವರ್ಷಗಟ್ಟಲೆ ಕಚ್ಚಿ ಕಚ್ಚಿ ಬೀಟೆಯ ಹಿಡಿಯ ಮೇಲೆ ಹಲ್ಲಿನ ಸಾಲು ಅಚ್ಚೊತ್ತಿತ್ತು. ಆ ಸಾಲಿನಲ್ಲಿ ಒಂದು ಗುರುತು ಸೊಟ್ಟ.

ಒಂದು ದಿನ ಅವರು ಹೀಗೆ ಮರದ ಮೇಲಿದ್ದಾಗ ನಮ್ಮನೆಯವರು ಕೆಳಗಿನಿಂದ, ಅಪ್ಪಾ ಸ್ಟೋರಿನ ಕೀ ಎಲ್ಲಿ ಎಂದು ಕೂಗಿದರು. ಒಮ್ಮೆಯಲ್ಲ, ಉತ್ತರ ಬರುವವರೆಗೂ ಕೂಗಿದರು. ಮಾವಯ್ಯ ಕಣ್ಣು ಬಿಟ್ಟರು, ತಲೆ ಅಲ್ಲಾಡಿಸಿದರು, ಕೊನೆಗೆ ತಾಳಲಾರದೆ ಬಾಯಿ ತೆರೆದರು. "ನಿನ್ ಜೇಬಲ್ಲೇ ಐತಲ್ಲೋ!"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಚಾಕುಗೇಡಾಯಿತು. ಅದು ಬಿದ್ದು, ಇಳಿಜಾರಿನಲ್ಲಿ ಪುಟಿದು, ಕಾಫಿ ಗಿಡಗಳ ನಡುವೆ ಎಲ್ಲೋ ಹಳ್ಳದ ಕಡೆ ಹೋಯಿತು. ಕೀ ನಿಜಕ್ಕೂ ನಮ್ಮನೆಯವರ ಜೇಬಿನಲ್ಲೇ ಇತ್ತು. ಮನೆಮಂದಿ, ಆಳುಗಳು, ತೋಟದ ಲೆಕ್ಕ ಬರೆಯುವ ರೈಟರು ಎಲ್ಲರೂ ಸೇರಿ ಹುಡುಕಿದೆವು. ತರಗೆಲೆ ಕೆದಕಿ, ಹಳ್ಳದ ಕೆಸರಿಗೆ ಕೈ ಹಾಕಿ ನೋಡಿದರೂ ಸಿಗಲಿಲ್ಲ. ಮಾವಯ್ಯ ಮಗನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನಮ್ಮನೆಯವರಿಗೆ ಒಂದು ಅಭ್ಯಾಸ ಹತ್ತಿತು. ಏನನ್ನಾದರೂ ಕೇಳುವ ಮೊದಲು ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಸಮಯ ಎಷ್ಟು ಎಂದು ಕೇಳುವಾಗಲೂ ಅಷ್ಟೇ.

ಚಾಕು ಹೋದ ಮೇಲೆ ಮಾವಯ್ಯ ಮಂಕಾದರು. ನನಗೆ ನೋಡಲಾಗಲಿಲ್ಲ. ಸಂತೆಯಲ್ಲಿ, ಗುಜರಿಯಲ್ಲಿ, ನೆಂಟರ ಮನೆಯ ಅಟ್ಟದಲ್ಲಿ ಅಂಥದ್ದೇ ಚಾಕು ಹುಡುಕಿ ತಂದು ಅವರ ಮುಂದೆ ಜಗಲಿಯ ಮೇಲೆ ಇಡುತ್ತಿದ್ದೆ. ಅವರು ಬಿಚ್ಚಿ ನೋಡುತ್ತಿರಲಿಲ್ಲ, ಮಸೆದು ನೋಡುತ್ತಿರಲಿಲ್ಲ, ನೇರ ಬಾಯಿಗಿಟ್ಟು ಕಚ್ಚುವರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದು "ಇದಲ್ಲ" ಎನ್ನುವರು. ನಾನು ತಂದ ಚಾಕುಗಳೆಲ್ಲ ಹೀಗೆ ಒಂದೊಂದು ಕಚ್ಚು ತಿಂದು ಟ್ರಂಕು ಸೇರಿದವು. ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದಾಗ ಒಂದು ತಂದಿದ್ದೆ. ಆಗ ಬಾಯಲ್ಲಿ ಹಲ್ಲೇ ಇರಲಿಲ್ಲ. ವಸಡಿನಲ್ಲೇ ಕಚ್ಚಿ ನೋಡಿ, "ಹತ್ರ ಬಂದೈತೆ ಕಣಮ್ಮ, ಆದ್ರೂ ಇದಲ್ಲ" ಎಂದರು. ಅವರು ಹೋದ ಮೇಲೂ ನನ್ನ ಹುಡುಕಾಟ ನಿಲ್ಲಲಿಲ್ಲ.

ಈ ಹುಚ್ಚು ನನ್ನೊಬ್ಬಳದ್ದೇ ಎಂದುಕೊಂಡಿದ್ದೆ. ಫೋನು ಬಂದ ಮೇಲೆ ನೋಡಿದರೆ ಹಳೇ ಸಾಮಾನು ಕೊಂಡು ಮಾರುವವರ ದೊಡ್ಡದೊಂದು ಗುಂಪೇ ಅದರಲ್ಲಿತ್ತು. ನಾನೂ ಸೇರಿದೆ. ಅಲ್ಲಿನ ಧರ್ಮಶಾಸ್ತ್ರ ಬೇರೆ. ಚಾಕುವಿನ ತುಕ್ಕು ತೆಗೆದರೆ ಬೆಲೆ ಇಳಿಯುತ್ತದೆ. ಮಸೆದರೆ ಇಳಿಯುತ್ತದೆ. ಅದರಲ್ಲಿ ಒಂದು ಈರುಳ್ಳಿ ಹೆಚ್ಚಿದ್ದೀರೆಂದು ಗೊತ್ತಾದರೆ ಕೇಳುವವರೇ ಇಲ್ಲ. ಬೆಲೆ ಏರಬೇಕಾದರೆ ಯಾವನಾದರೂ ಬ್ರಿಟಿಷ್ ದೊರೆಯ ಜೇಬಿನಲ್ಲಿ ಅದು ಇದ್ದಿರಬೇಕು. ಸಕಲೇಶಪುರದ ಕಡೆಯಿಂದ ಬರುವ ಪ್ರತಿಯೊಂದು ಚಾಕುವೂ ಒಬ್ಬ ಪ್ಲಾಂಟರ್ ದೊರೆಯದ್ದೇ. ಅಷ್ಟು ಜನ ದೊರೆಗಳು ಇಲ್ಲಿ ಇದ್ದಿದ್ದರೆ ಕಾಫಿ ಗಿಡ ನೆಡಲು ಜಾಗವೇ ಇರುತ್ತಿರಲಿಲ್ಲ.

ಒಮ್ಮೆ ಬುದ್ಧಿವಂತಿಕೆ ಮಾಡೋಣವೆಂದು ನನ್ನ ಟ್ರಂಕಿನಿಂದ ಒಂದು ಚಾಕು ಮಾರಿದೆ. ಒಳ್ಳೆ ಬೆಲೆ ಬಂತು, ಆ ಖುಷಿಗೆ ಹೋಳಿಗೆ ಮಾಡಿದೆ. ಕೆಲವು ತಿಂಗಳ ನಂತರ ಗುಂಪಿನಲ್ಲಿ ಒಂದು ಚೆಂದದ ಚಾಕು ಕಂಡಿತು, ಹಾರ್ಲೆಯೋ ಏನೋ ಹೆಸರಿನ ದೊರೆಯದ್ದಂತೆ. ದುಪ್ಪಟ್ಟು ಕೊಟ್ಟು ತರಿಸಿಕೊಂಡೆ. ಬಿಚ್ಚಿ ನೋಡಿದರೆ ಮಡಿಕೆಯ ಒಳಗೆ ನಾನೇ ಗುರುತಿಗೆಂದು ಇಟ್ಟಿದ್ದ ಉಗುರುಬಣ್ಣದ ಚುಕ್ಕೆ. ನಮ್ಮನೆಯವರಿಗೆ ಹೇಳಲಿಲ್ಲ. ಅದು ಅವರ ಕಣ್ಣಿಗೆ ಬಿದ್ದಾಗ, ಇದು ಮೊದಲಿನದರ ಜೋಡಿ ಎಂದೆ.

ಊರಿನವರಿಗೂ ಗಾಳಿ ತಗುಲಿತು. ಮೊದಲೆಲ್ಲ ಅರ್ಧ ಸೇರು ಕಾಫಿಪುಡಿಗೆ ಚಾಕು ಕೊಡುತ್ತಿದ್ದವರು ಈಗ, "ಅಕ್ಕಾ, ಫೋನಲ್ಲಿ ರೇಟ್ ನೋಡಿವ್ನಿ" ಎನ್ನತೊಡಗಿದರು. ಯಾರೂ ಚಾಕು ಹೊರಗೆ ತೆಗೆಯರು. ತೆಗೆದರೆ ಸವೆಯುತ್ತದೆ, ಸವೆದರೆ ರೇಟು ಬೀಳುತ್ತದೆ. ಪಕ್ಕದ ತೋಟದವರ ಮನೆಯಲ್ಲಿ ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಹಲಸಿನಹಣ್ಣು ಎದುರಿಗಿದೆ, ಕೊಯ್ಯಲು ಏನೂ ಇಲ್ಲ. ಅವರ ಅಜ್ಜನ ಚಾಕು ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿ ಮಲಗಿದೆ, ಮಚ್ಚನ್ನೂ ಯಾರೋ ಹಳೇದು ಎಂದರೆಂದು ಒಳಗಿಟ್ಟಿದ್ದಾರೆ. ಕೊನೆಗೆ ಹಣ್ಣನ್ನು ಗುದ್ದಲಿಯಲ್ಲಿ ಒಡೆದು ತಿಂದೆವು. ಒಂದೊಂದು ತೊಳೆಯಲ್ಲೂ ಮಣ್ಣು. ಆ ದಿನ ಎಲ್ಲರೂ ನನ್ನ ಕಡೆ ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ.

ಹೀಗಿರುವಾಗ ಹೋದ ವರ್ಷ ಒಂದು ಬೆಳಿಗ್ಗೆ ಗುಂಪಿನಲ್ಲಿ ಒಂದು ಫೋಟೋ ಬಂತು. ಕೆಳಗೆ ಬರೆದಿತ್ತು: ಹುಲಿ ಕಚ್ಚಿದ ಚಾಕು, ದೊರೆ ಕಾಲದ್ದು. ನಗುತ್ತಲೇ ಫೋಟೋವನ್ನು ದೊಡ್ಡದು ಮಾಡಿದೆ. ಬೀಟೆಮರದ ಹಿಡಿ, ಎರಡು ತುದಿಗೆ ಹಿತ್ತಾಳೆ, ಹಿಡಿಯ ಮೇಲೆ ಹಲ್ಲಿನ ಸಾಲು. ಸಾಲಿನಲ್ಲಿ ಒಂದು ಗುರುತು ಸೊಟ್ಟ. ಫೋನನ್ನು ನಮ್ಮನೆಯವರ ಮುಂದೆ ಹಿಡಿದೆ. ಅವರು ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಜೀಪು ಸ್ಟಾರ್ಟ್ ಮಾಡಿದರು. ನನ್ನ ಚಾಕುಗಳ ಸುದ್ದಿಗೇ ಬಾರದಿದ್ದವರು ಅವರು.

ಅಂಗಡಿ ಇದ್ದದ್ದು ದೋಣಿಗಲ್ಲಿನಲ್ಲಿ, ಹೈವೇ ಪಕ್ಕ. ಹೋಂಸ್ಟೇಗೆ ಬರುವವರಿಗೆಂದು ಪುಟ್ಟರಾಜು ಎಂಬುವನು ಹಳೇ ರೇಡಿಯೋ, ಹಿತ್ತಾಳೆ ಹಂಡೆ, ರೈಲಿನ ಲಾಟೀನು ಎಲ್ಲ ಜೋಡಿಸಿಟ್ಟಿದ್ದ. ಚಾಕು ಎಲ್ಲಿಯದು ಎಂದು ಕೇಳಿದೆವು. ಹೊಂಗಡಹಳ್ಳದ ಕಡೆ ಹಳ್ಳದ ಹೂಳು ತೆಗೆದ ಜೆಸಿಬಿಯವನು ತಂದುಕೊಟ್ಟನೆಂದು ಮೊದಲು ನಿಜ ಹೇಳಿದ. ಆಮೇಲೆ ಕತೆ ನೆನಪಾಗಿ, ಹುಲಿ ಮೇಲೆರಗಿದಾಗ ದೊರೆ ಅದರ ಬಾಯಿಗೆ ಚಾಕು ತುರುಕಿ ಬದುಕಿಕೊಂಡದ್ದನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಿದ. ನಮ್ಮನೆಯವರು ತಾಳ್ಮೆಯಿಂದ ಕೇಳಿ, ಹುಲಿಗೆ ಹಲ್ಲು ಹೀಗೆ ಸೊಟ್ಟ ಇರುತ್ತದೇನಪ್ಪ ಎಂದರು.

"ವಯಸ್ಸಾದ್ ಹುಲಿ ಕಣ್ರೀ," ಎಂದ ಪುಟ್ಟರಾಜು. "ಅದಕ್ಕೇ ದೊರೆ ಉಳ್ಕಂಡಿದ್ದು."

ಬೆಲೆ ಕೇಳಿದರೆ ಕರು ಸಮೇತ ಒಂದು ಹಾಲು ಕರೆಯುವ ಹಸು ಬರುವಷ್ಟು ಹೇಳಿದ. ಅದೂ ನಮಗಲ್ಲ, ಮಂಗಳೂರಿನವರೊಬ್ಬರು ಒಪ್ಪಿದ್ದಾರೆ, ಸಂಜೆ ಬಂದು ಒಯ್ಯುತ್ತಾರೆ. ಬೇಕಾದರೆ ಒಮ್ಮೆ ನೋಡಿ ಎಂದು ಚಾಕುವನ್ನು ಮೇಜಿನ ಗಾಜಿನ ಮೇಲಿಟ್ಟ. ಕೈಗೆ ಕೊಡಲಿಲ್ಲ, ಅವನೂ ಈ ಕಡೆಯವನೇ ಅಲ್ಲವೇ. ಇದು ನಮ್ಮ ಮಾವಯ್ಯನ ಚಾಕು, ಅವು ಅವರ ಹಲ್ಲು ಎಂದು ನಾನು ಹೇಳಿದೆ. ಹಾಗೆ ಹೇಳುವವರು ಬೇಕಾದಷ್ಟು ಜನ ಬರುತ್ತಾರೆ, ಗುರುತೇನು ಎಂದ. ಅವನ ಮಾತೂ ನ್ಯಾಯವೇ. ಹಲ್ಲಿಗೆ ಪಹಣಿ ಎಲ್ಲಿಂದ ತರುವುದು?

ಆಗ ನಮ್ಮನೆಯವರು ಜೇಬು ಮುಟ್ಟಿ ನೋಡಿಕೊಂಡರು. ಚಾಕು ಎತ್ತಿ ಬಿಚ್ಚಿದರು. ಬಾಯಿ ತೆರೆದು, ಹಿಡಿಯನ್ನು ಅಡ್ಡಲಾಗಿ ಇಟ್ಟುಕೊಂಡು ಕಚ್ಚಿದರು. ಸೊಟ್ಟ ಹಲ್ಲು ಸೊಟ್ಟ ಗುರುತಿನೊಳಗೆ ಹೋಗಿ ಕೂತಿತು. ನಾನು ಹತ್ತಿರ ಬಗ್ಗಿ ನೋಡಿದೆ, ಪುಟ್ಟರಾಜುವೂ ಬಗ್ಗಿ ನೋಡಿದ. ಒಂದು ಹಲ್ಲೂ ಆಚೀಚೆ ಇಲ್ಲ. ಕಣ್ಣು ಕೆಂಪಗೆ, ಬಾಯಲ್ಲಿ ಬಿಚ್ಚಿದ ಚಾಕು, ಕೆದರಿದ ಕೂದಲು. ಥೇಟು ಮಾವಯ್ಯ, ಏಣಿ ಒಂದಿಲ್ಲ ಅಷ್ಟೇ. ಲಾಟೀನಿನ ಫೋಟೋ ತೆಗೆಯುತ್ತಿದ್ದ ಗಂಡಹೆಂಡತಿ ಸದ್ದಿಲ್ಲದೆ ಹೊರಗೆ ಹೋದರು.

"ಅಯ್ಯೋ, ಎಂಜಲ್ ಮಾಡ್ಬುಟ್ರಲ್ರೀ," ಎಂದ ಪುಟ್ಟರಾಜು. ಹುಲಿಯ ಎಂಜಲಿಗೆ ಹಸುವಿನ ಬೆಲೆ ಕಟ್ಟಿದ್ದವನು ಮನುಷ್ಯನ ಎಂಜಲಿಗೆ ಮುಖ ಸಿಂಡರಿಸಿದ. ತೆಗೀರಿ ಬಾಯಿಂದ ಎಂದ, ಇದೇನು ಸರಿಯಾ ಎಂದ, ಯಾವ ಊರು ನಿಮ್ಮದು ಎಂದ. ನಮ್ಮನೆಯವರು ಒಂದಕ್ಕೂ ಉತ್ತರ ಕೊಡಲಿಲ್ಲ. ಯಾಕೆ ಕೊಡುತ್ತಿಲ್ಲ ಎಂಬುದು ನನಗೆ ತಕ್ಷಣ ಹೊಳೆಯಿತು. ಕೇಳಿದ್ದಕ್ಕೆ ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಇನ್ನೊಮ್ಮೆ ಅದು ಆಗಲು ಅವರು ಬಿಡುವುದಿಲ್ಲ. ನನಗೆ ಅಲ್ಲೇ ಅಳು ಬಂತು, ಜೊತೆಗೆ ತಡೆಯಲಾರದ ನಗುವೂ ಬಂತು.

ಚೌಕಾಸಿಯೆಲ್ಲ ನನ್ನ ಪಾಲಿಗೆ ಬಿತ್ತು. ಎಂಜಲು ಮಾಡಿದ ಮೇಲೆ ನೀವೇ ಕೊಳ್ಳಬೇಕು, ಪೂರಾ ಬೆಲೆಗೆ ಎಂದು ಅವನು. ಮನುಷ್ಯ ಕಚ್ಚಿದ್ದು ಎಂದು ಗೊತ್ತಾದ ಮೇಲೆ ಇದಕ್ಕೆ ಪೂರಾ ಬೆಲೆ ಎಲ್ಲಿಯದು ಎಂದು ನಾನು. ಆ ಬೆಲೆಗೆ ನಮ್ಮ ಕೈಯಲ್ಲಿ ದುಡ್ಡೂ ಇರಲಿಲ್ಲ. ನಮ್ಮನೆಯವರ ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು, ಆದರೂ ಹಲ್ಲು ಸಡಿಲಿಸಿರಲಿಲ್ಲ. ಮನೆಯಲ್ಲಿ ಒಂದು ಟ್ರಂಕು ಚಾಕು ಇದೆ, ಅಷ್ಟನ್ನೂ ತಗೋ, ಇದೊಂದು ಕೊಡು ಎಂದುಬಿಟ್ಟೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ಪುಟ್ಟರಾಜು ತಲೆ ಕೆರೆದುಕೊಂಡ.

"ಮಂಗ್ಳೂರ್‌ನೋರಿಗೆ ಏನಂತ ಹೇಳ್ಲಿ?"

"ಹುಲಿ ಬಂದು ವಾಪಸ್ ಈಸ್ಕಂಡು ಹೋಯ್ತು ಅಂತ ಹೇಳಪ್ಪ," ಎಂದೆ.

ನಾನೇ ಹುಷಾರಾಗಿ ಅಲಗನ್ನು ಮಡಚಿದೆ, ಹಿಡಿ ಮಾತ್ರ ಅವರ ಬಾಯಲ್ಲೇ ಉಳಿಯಿತು. ಹಾಗೇ ಜೀಪು ಹತ್ತಿದರು. ನಂಬಿಕೆ ಸಾಲದೆ ಪುಟ್ಟರಾಜು ಅಂಗಡಿಗೆ ಬೀಗ ಹಾಕಿ ಬೈಕಿನಲ್ಲಿ ಹಿಂದೆಯೇ ಬಂದ. ಆನೇಮಹಲ್ ಹತ್ತಿರ ಗುರುತಿನವರು ಕೈ ಮಾಡಿ ಸೌಖ್ಯವೇ ಎಂದು ಕೇಳಿದರು, ಇವರು ಬರೀ ತಲೆ ಆಡಿಸಿದರು. ಕಾಫಿ ಕುಡಿಯೋಣವೇ ಎಂದು ನಾನು ಕೇಳಿದೆ. ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಮನೆಗೆ ಬಂದವರು ಒಳಗೆ ಹೋಗಲಿಲ್ಲ. ತೋಟ ಇಳಿದು ಆ ಸಿಲ್ವರ್ ಮರದ ಬುಡಕ್ಕೆ ಹೋದರು. ಅಲ್ಲಿ ಬಗ್ಗಿ, ನೆಲಕ್ಕೆ ಬಾಯಿ ಹತ್ತಿರ ತಂದು, ಬೀಳದ ಹಾಗೆ ಚಾಕುವನ್ನು ಕೆಳಗಿಟ್ಟರು. ದವಡೆ ನೀವಿಕೊಂಡು ಮರದ ಮೇಲಕ್ಕೆ ನೋಡಿ, "ಅಪ್ಪಾ, ಸಿಕ್ತು" ಎಂದರು. ಮೇಲೆ ಮೆಣಸಿನ ಬಳ್ಳಿ ಬಿಟ್ಟರೆ ಯಾರೂ ಇರಲಿಲ್ಲ. ಹಿಂದೆ ನಿಂತಿದ್ದ ಪುಟ್ಟರಾಜು ತಾನೂ ಒಮ್ಮೆ ಮೇಲೆ ನೋಡಿದ.

ಟ್ರಂಕು ಅವನ ಬೈಕಿನ ಹಿಂದೆ ಹೋಯಿತು. ಮರುವಾರದಿಂದ ನನ್ನ ಚಾಕುಗಳು ಗುಂಪಿನಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. ಮಾವಯ್ಯ "ಇದಲ್ಲ" ಎನ್ನುವ ಮೊದಲು ಕಚ್ಚಿದ ಗುರುತು ಹೆಚ್ಚಿನವುಗಳಲ್ಲಿ ತೆಳ್ಳಗೆ ಇತ್ತಲ್ಲ, ಒಂದು ಕರಡಿ ಕಚ್ಚಿದ್ದು, ಒಂದು ಚಿರತೆ ಕಚ್ಚಿದ್ದು, ಕೊನೆಯಲ್ಲಿ ವಸಡಿನಲ್ಲಿ ಕಚ್ಚಿದ್ದು ಮೊಸಳೆಮರಿಯದ್ದು. ಉಗುರುಬಣ್ಣದ ಚುಕ್ಕೆಯ ಚಾಕು ದೊರೆಸಾನಿಯದ್ದಾಗಿತ್ತು. ಎಲ್ಲಕ್ಕೂ ಬೆಲೆ ಚೆನ್ನಾಗಿಯೇ ಬಂತು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ದಿನ ಗುಂಪಿನಿಂದ ಹೊರಗೆ ಬಂದೆ.

ಈಗ ನಮ್ಮ ಮನೆಯಲ್ಲಿರುವುದು ಒಂದೇ ಚಾಕು. ಅದು ನಮ್ಮನೆಯವರ ಜೇಬಿನಲ್ಲಿ ಇರುತ್ತದೆ. ಕಿತ್ತಳೆ ಸುಲಿಯುತ್ತಾರೆ, ಮುಳ್ಳು ತೆಗೆಯುತ್ತಾರೆ, ಆಮೇಲೆ ಪಂಚೆಗೆ ಒರೆಸಿ ನನಗೆ ಹಣ್ಣು ಕೊಯ್ದು ಕೊಡುತ್ತಾರೆ. ಅದರ ಬೆಲೆ ದಿನದಿನಕ್ಕೂ ಬೀಳುತ್ತಿದೆ.

ನಿನ್ನೆ ಆ ಹಲ್ಲನ್ನು ನೋಡಿದಾಗ ನನಗೆ ಇಷ್ಟೆಲ್ಲ ನೆನಪಾಯಿತು. ಚಾಕು ಕೇಳಿದೆ, ಅವರು ಜಗಲಿಯ ಮೇಲಿಟ್ಟರು. ಎತ್ತಿಕೊಂಡು, ಹಿಡಿಯ ಮೇಲಿನ ಸೊಟ್ಟ ಗುರುತಿನಲ್ಲಿ ಹಲ್ಲನ್ನು ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಇನ್ನು ಆ ಗುರುತಿಗೆ ಹೊಂದುವ ಬಾಯಿ ಈ ಮನೆಯಲ್ಲಿ ಇಲ್ಲ ಎನಿಸಿ ನನಗೆ ಸಂಕಟವಾಯಿತು. ಈ ಹಲ್ಲು ನನಗಿರಲಿ, ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ ಎಂದೆ.

ಅವರು ಹಲ್ಲನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು. ಹತ್ತಿಯಲ್ಲಿ ಸುತ್ತಿ, ಪೊಟ್ಟಣ ಕಟ್ಟಿ, ಜಗಲಿಯ ಮೇಲೆ ಇಟ್ಟರು. ಊದಿದ ಬಾಯಲ್ಲಿ ಕಷ್ಟಪಟ್ಟು, "ಇದೂ ಕೊಯ್ಯೋದೇ ಅಲ್ವಾ ಮಾರಾಯ್ತಿ, ಪುಕ್ಕಟೆ ಕೊಡಂಗಿಲ್ಲ" ಎಂದರು.

ನಾನು ಒಳಗೆ ಹೋಗಿ ದೇವರ ಗೂಡಿನಿಂದ ಒಂದು ರೂಪಾಯಿ ತಂದು ಪೊಟ್ಟಣದ ಪಕ್ಕ ಇಟ್ಟೆ. ನಾನು ಹಲ್ಲು ಎತ್ತಿಕೊಂಡೆ. ಅವರು ರೂಪಾಯಿ ಎತ್ತಿ ಜೇಬಿಗೆ ಹಾಕಿ, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.